ಸ್ಪ್ಯಾನಿಷ್‌ನ ‘ಗುಸ್ತಾರ್’: ಕನ್ನಡದ ‘ಹಿಡಿಸು’ ಹಿಡಿದು ಕಲಿಯುವ ಬಗೆ

ಸ್ಪ್ಯಾನಿಷ್ ಕಲಿಯಲು ಶುರು ಮಾಡಿದ ಕನ್ನಡಿಗರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ ಒಂದಿದೆ. “‘ಗುಸ್ತಾರ್’ ಅಂದರೆ ಇಷ್ಟಪಡು ಅಂತ ಆ್ಯಪ್ ಹೇಳುತ್ತದೆ. ‘ಯೊ’ ಅಂದರೆ ನಾನು. ಹಾಗಿದ್ದರೆ ‘ಯೊ ಗುಸ್ತೊ ಕಾಫೆ’ ಯಾಕೆ ತಪ್ಪು? ‘ಮೆ ಗುಸ್ತಾ ಎಲ್ ಕಾಫೆ’ ಅನ್ನುವಾಗ ‘ನಾನು’ ಎಲ್ಲಿ ಹೋಯಿತು?”

‘ನಾನು’ ಇಲ್ಲಿ ‘ನನಗೆ’ ಆಗಿದೆ, ಅಷ್ಟೇ. ‘ನನಗೆ ಕಾಫಿ ಹಿಡಿಸುತ್ತದೆ’ ಅನ್ನುವಾಗ ನಾವು ದಿನವೂ ಮಾಡುವ ಕೆಲಸವನ್ನೇ ಸ್ಪ್ಯಾನಿಷ್ ಕೂಡ ಮಾಡುತ್ತದೆ. ಇಂಗ್ಲಿಷ್ ಮಾತೃಭಾಷೆಯವರಿಗೆ ಈ ವಾಕ್ಯ ತಲೆಕೆಳಗಾಗಿ ಕಾಣುತ್ತದೆ, ಅವರಿಗೆಂದು ಬರೆದ ಪಾಠಗಳು ಪುಟಗಟ್ಟಲೆ ಸಮಾಧಾನ ಹೇಳುತ್ತವೆ. ಆ ಪಾಠಗಳನ್ನೇ ನಾವೂ ಓದಿ, ನಮಗಿಲ್ಲದ ಕಷ್ಟವನ್ನು ತಂದುಕೊಳ್ಳುತ್ತೇವೆ. ಈ ಲೇಖನದಲ್ಲಿ ಇಂಗ್ಲಿಷ್ ಬದಿಗಿಟ್ಟು ಕನ್ನಡದಿಂದ ನೇರವಾಗಿ ಹೋಗೋಣ. ಕನ್ನಡ ಕೈಕೊಡುವ ಜಾಗಗಳೂ ಇವೆ. ಅವುಗಳ ಬಗ್ಗೆ ಹೆಚ್ಚು ಹೇಳಬೇಕಿದೆ, ಏಕೆಂದರೆ ಕನ್ನಡಿಗರು ಎಡವುವುದು ಅಲ್ಲೇ, ಮತ್ತು ಬೇರೆ ಪಾಠಗಳು ಅದನ್ನು ಹೇಳುವುದಿಲ್ಲ.

ಶುರು ಮಾಡುವ ಮುನ್ನ

ನಿಮಗೆ ಗೊತ್ತಿರಬೇಕಾದದ್ದು ಇಷ್ಟೇ: ಸ್ಪ್ಯಾನಿಷ್‌ನಲ್ಲಿ ಪ್ರತಿ ನಾಮಪದಕ್ಕೂ ಲಿಂಗ ಇದೆ, ಅದರ ಮುಂದೆ ಆರ್ಟಿಕಲ್ ಬರುತ್ತದೆ. ಆರ್ಟಿಕಲ್ ಅಂದರೆ ನಾಮಪದದ ಮುಂದೆ ಕೂರುವ ಪುಟ್ಟ ಪದ. ಪುಲ್ಲಿಂಗ ಏಕವಚನಕ್ಕೆ ‘ಎಲ್’, ಸ್ತ್ರೀಲಿಂಗಕ್ಕೆ ‘ಲಾ’, ಬಹುವಚನಕ್ಕೆ ‘ಲೊಸ್’ ಮತ್ತು ‘ಲಾಸ್’.

ಉಚ್ಚಾರದ ಬಗ್ಗೆ ಎರಡು ಮಾತು. ಸ್ಪ್ಯಾನಿಷ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ. ‘ತ’, ‘ದ’ ಬರೆದಲ್ಲಿ ನಾಲಿಗೆ ಹಲ್ಲಿಗೆ ತಾಗಲಿ, ‘ಟ’, ‘ಡ’ ಮಾಡಬೇಡಿ. ‘ಗುಸ್ತಾ’ದ ಕೊನೆಯ ದೀರ್ಘ ಬಾಯಿ ಪೂರ್ತಿ ತೆರೆಯಲೆಂದು ಹಾಕಿದ ಗುರುತು, ಉದ್ದ ಎಳೆಯಲು ಅಲ್ಲ. ಒತ್ತು ಬೀಳುವುದು ‘ಗುಸ್’ ಮೇಲೆ. ‘ಗುಸ್ತಾರ್’ ಅನ್ನುವಾಗ ಮಾತ್ರ ‘ತಾರ್’ ಮೇಲೆ. ಉದಾಹರಣೆಗಳಲ್ಲಿ ಲ್ಯಾಟಿನ್ ಅಮೆರಿಕದ ಉಚ್ಚಾರ ಇಟ್ಟುಕೊಂಡಿದೆ.

1. ‘ಇಷ್ಟಪಡು’ ಬಿಟ್ಟು ‘ಹಿಡಿಸು’ ಹಿಡಿಯಿರಿ

‘ಗುಸ್ತಾರ್’ ಬಂದದ್ದು ಲ್ಯಾಟಿನ್‌ನ ‘ಗುಸ್ತಾರೆ’ಯಿಂದ. ಅದರ ಅರ್ಥ ರುಚಿ ನೋಡು. ಇಂದಿನ ಸ್ಪ್ಯಾನಿಷ್‌ನಲ್ಲಿ ಅದು ನಮ್ಮ ‘ರುಚಿಸು’ ನಿಂತಲ್ಲಿ ನಿಂತಿದೆ: ‘ನನಗೆ ಆ ಮಾತು ರುಚಿಸಲಿಲ್ಲ’ ಅನ್ನುತ್ತೇವಲ್ಲ, ಆ ‘ರುಚಿಸು’. ಅದರ ಅಣ್ಣತಮ್ಮಂದಿರು ‘ಹಿಡಿಸು’ ಮತ್ತು ‘ಸೇರು’ (ನನಗೆ ಹಾಗಲಕಾಯಿ ಸೇರುವುದಿಲ್ಲ).

‘ನನಗೆ ಕಾಫಿ ಇಷ್ಟ’ ಕೂಡ ಅದೇ ಆಕಾರದ ವಾಕ್ಯವೇ. ಆದರೆ ‘ಇಷ್ಟ’ ಬದಲಾಗುವುದಿಲ್ಲ: ಒಂದು ಪುಸ್ತಕವೂ ಇಷ್ಟ, ಹತ್ತು ಪುಸ್ತಕವೂ ಇಷ್ಟ. ‘ಹಿಡಿಸು’ ಹಾಗಲ್ಲ. ನೋಡಿ:

ನನಗೆ ಆ ಮನೆ ಹಿಡಿಸಿತು.
ನನಗೆ ಆ ಮನೆಗಳು ಹಿಡಿಸಿದವು.

ಇಲ್ಲಿ ಕ್ರಿಯಾಪದ ಮನೆಯ ಮಾತು ಕೇಳುತ್ತದೆ, ನನ್ನ ಮಾತನ್ನಲ್ಲ. ಮನೆ ಒಂದಾದರೆ ‘ಹಿಡಿಸಿತು’, ಹಲವಾದರೆ ‘ಹಿಡಿಸಿದವು’. ‘ನನಗೆ’ ಹೋಗಿ ‘ನಮಗೆ’ ಬಂದರೂ ಕ್ರಿಯಾಪದ ಕದಲುವುದಿಲ್ಲ: ನಮಗೆ ಆ ಮನೆ ಹಿಡಿಸಿತು. ‘ಗುಸ್ತಾರ್’ ನಡೆಯುವುದು ಅಕ್ಷರಶಃ ಹೀಗೇ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ‘ಗುಸ್ತಾರ್ – ಇಷ್ಟಪಡು’ ಎಂದು ಬರೆದಿದ್ದರೆ ಈಗಲೇ ಹೊಡೆದುಹಾಕಿ, ‘ಗುಸ್ತಾರ್ – ಹಿಡಿಸು’ ಎಂದು ಬರೆದುಕೊಳ್ಳಿ. ಮುಂದಿನ ಎಲ್ಲ ಹಂತಗಳೂ ಈ ಒಂದು ತಿದ್ದುಪಡಿಯ ಮೇಲೆ ನಿಂತಿವೆ.

2. ಯಾರಿಗೆ? ಆರು ಪುಟ್ಟ ಪದಗಳು

ಕನ್ನಡದಲ್ಲಿ ಚತುರ್ಥಿ ವಿಭಕ್ತಿ, ಅಂದರೆ ‘ಗೆ, ಕ್ಕೆ, ಇಗೆ’, ಪದದ ಬಾಲಕ್ಕೆ ಅಂಟುತ್ತದೆ. ಸ್ಪ್ಯಾನಿಷ್‌ನಲ್ಲಿ ಆ ಕೆಲಸಕ್ಕೆ ಬೇರೆಯೇ ಪದಗಳಿವೆ. ಅವು ಕ್ರಿಯಾಪದಕ್ಕೆ ಮುಂಚೆಯೇ, ನಡುವೆ ಏನೂ ಇಲ್ಲದಂತೆ ಬರುತ್ತವೆ:

ಮೆ – ನನಗೆ
ತೆ – ನಿನಗೆ
ಲೆ – ಅವನಿಗೆ, ಅವಳಿಗೆ, (ಗೌರವದ) ನಿಮಗೆ
ನೊಸ್ – ನಮಗೆ
ಒಸ್ – ನಿಮಗೆ (ಸ್ಪೇನ್‌ನಲ್ಲಿ ಮಾತ್ರ, ಸಲುಗೆಯ ಗುಂಪಿಗೆ)
ಲೆಸ್ – ಅವರಿಗೆ (ಹಲವರು), ನಿಮಗೆ (ಹಲವರು)

ಲ್ಯಾಟಿನ್ ಅಮೆರಿಕದಲ್ಲಿ ‘ಒಸ್’ ಬಳಕೆಯಲ್ಲಿಲ್ಲ, ಗುಂಪು ಸಲುಗೆಯದಾದರೂ ‘ಲೆಸ್’ ಅನ್ನುತ್ತಾರೆ. ಅರ್ಜೆಂಟೀನಾದಲ್ಲಿ ‘ನೀನು’ ಅನ್ನುವುದಕ್ಕೆ ‘ಬೊಸ್’ ಎಂಬ ಪದವಿದೆ, ಆದರೆ ‘ನಿನಗೆ’ ಅಲ್ಲಿಯೂ ‘ತೆ’ಯೇ.

ಈಗ ಕನ್ನಡಿಗರಿಗೇ ಮೀಸಲಾದ ಮೊದಲ ಗುಂಡಿ. ನಾವು ಹಿರಿಯರಿಗೆ ಬಹುವಚನ ಹಚ್ಚುತ್ತೇವೆ. ಮೇಷ್ಟ್ರು ಒಬ್ಬರೇ ಆದರೂ ‘ಅವರಿಗೆ’, ಎದುರಿಗಿರುವ ಅಪರಿಚಿತರು ಒಬ್ಬರೇ ಆದರೂ ‘ನಿಮಗೆ’. ಈ ಅಭ್ಯಾಸ ಒಳಗಿಂದ ತಳ್ಳಿ ‘ಲೆಸ್’ ಅಥವಾ ‘ಒಸ್’ ಅನ್ನಿಸುತ್ತದೆ. ಸ್ಪ್ಯಾನಿಷ್ ಇಲ್ಲಿ ತಲೆ ಎಣಿಸುತ್ತದೆ. ಒಬ್ಬರೇ ಇದ್ದರೆ, ಅವರು ಎಷ್ಟೇ ದೊಡ್ಡವರಾಗಲಿ, ‘ಲೆ’. ಗೌರವ ತೋರಿಸುವುದು ‘ತೆ’ ಬಿಟ್ಟು ‘ಲೆ’ ಹಿಡಿಯುವುದರಲ್ಲಿ. ಒಬ್ಬ ಪ್ರೊಫೆಸರರನ್ನು ‘ಲೆಸ್ ಗುಸ್ತಾ ಎಲ್ ಕಾಫೆ?’ ಎಂದು ಕೇಳಿದರೆ ಅವರು ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡಿಯಾರು.

ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ. ತಾಯಿಗೆ ‘ನೀವು’ ಅನ್ನುವ ಮನೆಯಲ್ಲಿ ಬೆಳೆದವರು ಸ್ಪ್ಯಾನಿಷ್‌ನಲ್ಲೂ ತಾಯಿಗೆ ‘ಲೆ’ ಹಚ್ಚುತ್ತಾರೆ. ಸ್ಪೇನ್‌ನಲ್ಲಿ ಮಕ್ಕಳು ಸಾಮಾನ್ಯವಾಗಿ ತಾಯಿಗೆ ‘ತೆ’ ಅನ್ನುತ್ತಾರೆ. ಕೊಲಂಬಿಯಾದ ಕೆಲವು ಕಡೆ ಮನೆಯೊಳಗೂ ‘ಲೆ’ ನಡೆಯುತ್ತದೆ. ಎದುರಿನವರು ಬಳಸುವುದನ್ನು ಕೇಳಿ ಅನುಸರಿಸುವುದೇ ಇಲ್ಲಿ ಕ್ಷೇಮ.

3. ಏನು ಹಿಡಿಸುತ್ತದೆ? ‘ಗುಸ್ತಾ’ ಮತ್ತು ‘ಗುಸ್ತಾನ್’

ವಸ್ತು ಒಂದಾದರೆ ‘ಗುಸ್ತಾ’ (ಹಿಡಿಸುತ್ತದೆ), ಹಲವಾದರೆ ‘ಗುಸ್ತಾನ್’ (ಹಿಡಿಸುತ್ತವೆ). ದಿನನಿತ್ಯದ ಮಾತಿನಲ್ಲಿ ಹೆಚ್ಚುಕಡಿಮೆ ಈ ಎರಡು ರೂಪಗಳಲ್ಲೇ ಕೆಲಸ ಸಾಗುತ್ತದೆ.

ಮೆ ಗುಸ್ತಾ ಲಾ ಮುಸಿಕಾ – ನನಗೆ ಸಂಗೀತ ಹಿಡಿಸುತ್ತದೆ.
ಮೆ ಗುಸ್ತಾನ್ ಲಾಸ್ ಫ್ಲೊರೆಸ್ – ನನಗೆ ಹೂವುಗಳು ಹಿಡಿಸುತ್ತವೆ.
ನೊಸ್ ಗುಸ್ತಾ ಲಾ ಮುಸಿಕಾ – ನಮಗೆ ಸಂಗೀತ ಹಿಡಿಸುತ್ತದೆ.

ಮೂರನೆಯದರಲ್ಲಿ ಇಷ್ಟಪಡುವವರು ಹಲವರು, ಆದರೂ ‘ಗುಸ್ತಾ’. ‘ನಾವು’ ಇದ್ದೇವಲ್ಲ ಎಂದು ‘ಗುಸ್ತಾಮೊಸ್’ ಮಾಡಿದರೆ ‘ನಾವು (ಯಾರಿಗೋ) ಹಿಡಿಸುತ್ತೇವೆ’ ಎಂದಾಗುತ್ತದೆ.

ಗಮನಿಸಬೇಕಾದ ವಿಷಯ ಮೂರು.

ಮೊದಲನೆಯದು ಆರ್ಟಿಕಲ್. ‘ಮೆ ಗುಸ್ತಾ ಕಾಫೆ’ ತಪ್ಪು, ‘ಮೆ ಗುಸ್ತಾ ಎಲ್ ಕಾಫೆ’ ಸರಿ. ಒಂದು ಜಾತಿಯ ವಸ್ತುವನ್ನು ಒಟ್ಟಾರೆ ಹೇಳುವಾಗ ಇಲ್ಲಿ ‘ಎಲ್, ಲಾ, ಲೊಸ್, ಲಾಸ್’ ಕಡ್ಡಾಯ. ಕನ್ನಡದಲ್ಲಿ ಆರ್ಟಿಕಲ್ಲೇ ಇಲ್ಲದ್ದರಿಂದ ನಮ್ಮ ಬಾಯಲ್ಲಿ ಅದು ಉದುರಿಹೋಗುತ್ತದೆ. ಹೊಸ ಪದ ಕಲಿಯುವಾಗಲೇ ಆರ್ಟಿಕಲ್ ಸೇರಿಸಿ, ‘ಕಾಫೆ’ ಎಂದು ಕಲಿಯದೆ ‘ಎಲ್ ಕಾಫೆ’ ಎಂದೇ ಕಲಿತರೆ ಈ ತೊಂದರೆ ಅರ್ಧ ಕಳೆಯಿತು.

ಎರಡನೆಯದು ಸೂಕ್ಷ್ಮ, ಮತ್ತು ಇದೇ ಹೆಚ್ಚು ಜನ ಎಡವುವ ಕಲ್ಲು. ಕನ್ನಡದಲ್ಲಿ ‘ನನಗೆ ನಾಯಿ ಅಂದರೆ ಇಷ್ಟ’ ಅನ್ನುತ್ತೇವೆ. ನಾಯಿ ಏಕವಚನ, ಅರ್ಥ ಮಾತ್ರ ಎಲ್ಲ ನಾಯಿಗಳು. ಪ್ರಾಣಿ, ವಸ್ತುಗಳಿಗೆ ‘ಗಳು’ ಹಚ್ಚದೆಯೇ ಬಹುವಚನದ ಅರ್ಥ ಬರಿಸುವುದು ನಮ್ಮ ರೂಢಿ. ಇದನ್ನೇ ಸ್ಪ್ಯಾನಿಷ್‌ಗೆ ಎತ್ತಿಹಾಕಿ ‘ಮೆ ಗುಸ್ತಾ ಎಲ್ ಪೆರ್‍ರೊ’ ಅಂದರೆ, ಕೇಳಿದವರಿಗೆ ಅಲ್ಲೇ ನಿಂತಿರುವ ಒಂದು ನಾಯಿಯ ಮಾತು ಎನ್ನಿಸುತ್ತದೆ. ನಾಯಿಗಳೆಂದರೆ ಇಷ್ಟ ಅನ್ನಬೇಕಾದರೆ ‘ಮೆ ಗುಸ್ತಾನ್ ಲೊಸ್ ಪೆರ್‍ರೊಸ್’. ಎಣಿಸಬಹುದಾದ ವಸ್ತುವಾದರೆ (ನಾಯಿ, ಪುಸ್ತಕ, ಹೂವು, ಸಿನಿಮಾ) ಬಹುವಚನ, ಎಣಿಸಲಾಗದ್ದಾದರೆ (ಕಾಫಿ, ಅನ್ನ, ಹಾಲು, ಸಂಗೀತ) ಏಕವಚನ. ಬಾಯಿಗೆ ಬರುವ ಮುನ್ನ ‘ಇದನ್ನು ಒಂದು, ಎರಡು ಎಂದು ಎಣಿಸುತ್ತೇನೆಯೇ?’ ಎಂದು ಕೇಳಿಕೊಳ್ಳಿ.

ಮೂರನೆಯದು ಕೆಲಸಗಳು. ಓದುವುದು, ಹಾಡುವುದು, ಅಡುಗೆ ಮಾಡುವುದು ಹಿಡಿಸಿದರೆ ಕ್ರಿಯಾಪದದ ಮೂಲರೂಪವನ್ನೇ ಇಡಬೇಕು: ‘ಮೆ ಗುಸ್ತಾ ಲೆಎರ್’ (ನನಗೆ ಓದುವುದು ಹಿಡಿಸುತ್ತದೆ). ನಿಘಂಟಿನಲ್ಲಿ ಸಿಗುವ, ‘ಆರ್, ಎರ್, ಇರ್’ ಎಂದು ಮುಗಿಯುವ ರೂಪವೇ ಮೂಲರೂಪ. ಅದು ನಮ್ಮ ‘ಓದುವುದು’ ಇದ್ದ ಹಾಗೆ, ಏಕವಚನ. ಎರಡು ಕೆಲಸ ಸೇರಿದರೂ ‘ಗುಸ್ತಾ’ ಬದಲಾಗುವುದಿಲ್ಲ: ‘ಮೆ ಗುಸ್ತಾ ಕಾಂತಾರ್ ಇ ಬೈಲಾರ್’, ಹಾಡುವುದೂ ಕುಣಿಯುವುದೂ ಹಿಡಿಸುತ್ತದೆ. ಎರಡು ವಸ್ತುಗಳಾದರೆ ಮಾತ್ರ ಬಹುವಚನ: ‘ಮೆ ಗುಸ್ತಾನ್ ಎಲ್ ಕಾಫೆ ಇ ಎಲ್ ತೆ’.

(ಚಹಾ ಕೂಡ ‘ತೆ’, ನಿನಗೆ ಅನ್ನುವುದೂ ‘ತೆ’. ಸ್ಪ್ಯಾನಿಷ್ ಲಿಪಿಯಲ್ಲಿ ಬರೆಯುವಾಗ ಚಹಾದ ‘ಎ’ ಸ್ವರದ ಮೇಲೆ ಓರೆಗೆರೆ ಇರುತ್ತದೆ, ಇನ್ನೊಂದಕ್ಕಿಲ್ಲ. ‘ತೆ ಗುಸ್ತಾ ಎಲ್ ತೆ?’ ಅನ್ನುವುದು ಅಭ್ಯಾಸಕ್ಕೆ ಒಳ್ಳೆಯ ವಾಕ್ಯ.)

4. ಹೆಸರು ಹೇಳುವಾಗ: ‘ರವಿಗೆ, ಅವನಿಗೆ’

‘ರವಿಗೆ ಕಾಫಿ ಹಿಡಿಸುತ್ತದೆ’ ಅನ್ನಲು ರವಿಯ ಮುಂದೆ ‘ಆ’ ಎಂಬ ಪದ ಬರಬೇಕು. ಅದು ನಮ್ಮ ‘ಗೆ’ಗೆ ಸಮ, ಆದರೆ ಹೆಸರಿನ ಹಿಂದೆ ಅಂಟದೆ ಮುಂದೆ ನಿಲ್ಲುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಹೆಸರು ಹೇಳಿದ ಮೇಲೂ ‘ಲೆ’ ಬೇಕು:

ಆ ರವಿ ಲೆ ಗುಸ್ತಾ ಎಲ್ ಕಾಫೆ.

ಪದಕ್ಕೆ ಪದ ಇಟ್ಟರೆ ‘ರವಿಗೆ ಅವನಿಗೆ ಹಿಡಿಸುತ್ತದೆ ಕಾಫಿ’. ಕನ್ನಡದ ಕಿವಿಗೆ ‘ಅವನಿಗೆ’ ಹೆಚ್ಚುವರಿ. ಆದ್ದರಿಂದಲೇ ‘ಆ ರವಿ ಗುಸ್ತಾ ಎಲ್ ಕಾಫೆ’ ಎಂಬ ತಪ್ಪು ನಮ್ಮವರಲ್ಲಿ ಬಹಳ. ‘ಲೆ’ ಇಲ್ಲಿ ಅಲಂಕಾರವಲ್ಲ, ಅದಿಲ್ಲದೆ ವಾಕ್ಯ ನಿಲ್ಲದು. ಬಿಡಬಹುದಾದದ್ದು ‘ಆ ರವಿ’ಯನ್ನು, ‘ಲೆ’ಯನ್ನಲ್ಲ. ಇಂಗ್ಲಿಷ್ ಮೂಲಕ ಬಂದವರ ತಪ್ಪು ಇನ್ನೊಂದು ಬಗೆಯದು: ‘ರವಿ ಲೆ ಗುಸ್ತಾ’ ಎಂದು ‘ಆ’ಯನ್ನು ಮರೆಯುತ್ತಾರೆ.

‘ಆ’ ಮತ್ತು ‘ಎಲ್’ ಒಟ್ಟಿಗೆ ಬಂದರೆ ನಮ್ಮ ಸಂಧಿಯ ಹಾಗೆ ‘ಅಲ್’ ಆಗುತ್ತದೆ: ‘ಅಲ್ ಪ್ರೊಫೆಸೊರ್ ಲೆ ಗುಸ್ತಾ ಎಲ್ ಕಾಫೆ’. ‘ಲಾ’ ಜತೆ ಸಂಧಿ ಇಲ್ಲ: ‘ಆ ಲಾ ಪ್ರೊಫೆಸೊರಾ’.

ಸರ್ವನಾಮಕ್ಕೂ ಇದೇ ನಿಯಮ: ಆ ಮಿ (ನನಗೆ), ಆ ತಿ (ನಿನಗೆ), ಆ ಎಲ್ (ಅವನಿಗೆ, ಇದು ಆರ್ಟಿಕಲ್ ಅಲ್ಲ, ಸಂಧಿಯಾಗುವುದಿಲ್ಲ), ಆ ಎಯಾ (ಅವಳಿಗೆ), ಆ ಉಸ್ತೆದ್ (ಗೌರವದ ನಿಮಗೆ), ಆ ನೊಸೊತ್ರೊಸ್ (ನಮಗೆ). ‘ಆ ಯೊ’ ಎಂಬುದಿಲ್ಲ. ‘ಮೆ’ ಇದ್ದ ಮೇಲೆ ‘ಆ ಮಿ’ ಯಾಕೆ? ನಾವು ‘ನನಗಂತೂ’ ಅನ್ನುವ ಕಡೆಗೆ ಅದು. ‘ಆ ಮಿ ಮೆ ಗುಸ್ತಾ ಎಲ್ ತೆ’ ಅಂದರೆ ‘ಉಳಿದವರದ್ದು ಹೇಗೋ, ನನಗಂತೂ ಚಹಾ ಹಿಡಿಸುತ್ತದೆ’. ಒತ್ತು ಬೇಕಿಲ್ಲದಿದ್ದರೆ ಬರೀ ‘ಮೆ’ ಸಾಕು. ಪ್ರತಿ ವಾಕ್ಯಕ್ಕೂ ‘ಆ ಮಿ’ ಹಚ್ಚಿದರೆ ಪದೇ ಪದೇ ಎದೆ ತಟ್ಟಿಕೊಂಡಂತೆ ಕೇಳುತ್ತದೆ.

ಚುಟುಕು ಉತ್ತರಗಳಲ್ಲಿ ಕನ್ನಡ ನಿಮ್ಮ ಕೈ ಹಿಡಿಯುತ್ತದೆ. ‘ನನಗೂ’ ಅನ್ನಲು ‘ಆ ಮಿ ತಾಂಬಿಯೆನ್’. ಯಾರಾದರೂ ‘ನನಗೆ ಹಿಡಿಸುವುದಿಲ್ಲ’ ಅಂದಾಗ ‘ನನಗೂ ಇಲ್ಲ’ ಅನ್ನಲು ‘ಆ ಮಿ ತಾಂಪೊಕೊ’. ‘ನನಗೆ ಹಿಡಿಸುತ್ತಪ್ಪ’ ಎಂದು ಎದುರು ಹೇಳಲು ‘ಆ ಮಿ ಸಿ’. ಈ ಕಡೆ ‘ಯೊ ತಾಂಬಿಯೆನ್’ (ನಾನೂ) ಅಂದರೆ ತಪ್ಪು. ‘ನನಗೆ ಕಾಫಿ ಇಷ್ಟ’ ಎಂದವರಿಗೆ ಕನ್ನಡದಲ್ಲಿ ಯಾರೂ ‘ನಾನೂ’ ಅನ್ನುವುದಿಲ್ಲವಲ್ಲ.

5. ‘ಇಲ್ಲ’, ‘ತುಂಬಾ’, ‘ಅದು’

ಕನ್ನಡದಲ್ಲಿ ನಿರಾಕರಣೆ ಕೊನೆಗೆ ಬರುತ್ತದೆ, ಸ್ಪ್ಯಾನಿಷ್‌ನಲ್ಲಿ ‘ಮೆ, ತೆ, ಲೆ’ಗಳಿಗೂ ಮುಂಚೆ: ‘ನೊ ಮೆ ಗುಸ್ತಾ’. ಹೆಸರಿದ್ದರೆ ಅದರ ನಂತರ: ‘ಆ ರವಿ ನೊ ಲೆ ಗುಸ್ತಾ ಎಲ್ ತೆ’. ‘ಮೆ ನೊ ಗುಸ್ತಾ’ ಎಂದಿಗೂ ಬೇಡ.

‘ತುಂಬಾ’ ಇನ್ನೊಂದು ಗುಂಡಿ. ನಾವು ‘ತುಂಬಾ ಒಳ್ಳೆಯದು’ ಅನ್ನುತ್ತೇವೆ, ‘ತುಂಬಾ ಹಿಡಿಸುತ್ತದೆ’ ಅಂತಲೂ ಅನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ ಗುಣವಾಚಕಕ್ಕೆ ‘ಮುಯ್’, ಕ್ರಿಯಾಪದಕ್ಕೆ ‘ಮುಚೊ’. ಆದ್ದರಿಂದ ‘ಮೆ ಗುಸ್ತಾ ಮುಚೊ’. ವಸ್ತು ಸ್ತ್ರೀಲಿಂಗವಾದರೂ, ಬಹುವಚನವಾದರೂ ಇಲ್ಲಿ ‘ಮುಚೊ’ ಬದಲಾಗುವುದಿಲ್ಲ. ಸ್ವಲ್ಪವೂ ಹಿಡಿಸದಿದ್ದರೆ ‘ನೊ ಮೆ ಗುಸ್ತಾ ನಾದಾ’. ಪ್ರಾಣ ಅನ್ನುವಷ್ಟು ಇಷ್ಟವಾದರೆ ‘ಮೆ ಎಂಕಾಂತಾ’, ಅದಕ್ಕೆ ‘ಮುಚೊ’ ಸೇರಿಸುವುದಿಲ್ಲ, ತುಂಬಾ ಅನ್ನುವುದು ಅದರೊಳಗೇ ಇದೆ.

ಕೊನೆಗೆ ‘ಅದು’. ‘ಅದು ನನಗೆ ಹಿಡಿಸುತ್ತದೆ’ ಅನ್ನಲು ಹೋಗಿ ‘ಮೆ ಲೊ ಗುಸ್ತಾ’ ಎಂದು ಬರೆಯುವವರು ಬಹಳ. ‘ಲೊ’ ಅಂದರೆ ‘ಅದನ್ನು’, ದ್ವಿತೀಯಾ ವಿಭಕ್ತಿ. ‘ಅದನ್ನು ನನಗೆ ಹಿಡಿಸುತ್ತದೆ’ ಅನ್ನುತ್ತೀರಾ? ಇಲ್ಲ. ವಿಷಯ ಗೊತ್ತಿದ್ದಾಗ ಬರೀ ‘ಮೆ ಗುಸ್ತಾ’, ಬೆರಳಿಟ್ಟು ತೋರಿಸಬೇಕಾದರೆ ‘ಎಸೊ ಮೆ ಗುಸ್ತಾ’.

6. ನಿನ್ನೆ, ಹಿಂದೆ, ಮುಂದೆ

ಹಿಡಿಸಿತು, ಹಿಡಿಸಿದವು – ಗುಸ್ತೊ, ಗುಸ್ತಾರೊನ್
ಹಿಡಿಸುತ್ತಿತ್ತು, ಹಿಡಿಸುತ್ತಿದ್ದವು – ಗುಸ್ತಾಬಾ, ಗುಸ್ತಾಬಾನ್

ಒಮ್ಮೆ ನೋಡಿದ, ತಿಂದ, ಓದಿ ಮುಗಿಸಿದ ವಸ್ತುವಿಗೆ ಮೊದಲ ಜೋಡಿ. ಬಹುಕಾಲ ಇದ್ದ ಒಲವಿಗೆ ಎರಡನೆಯದು. ಸಿನಿಮಾ ನೋಡಿ ಹೊರಬಂದವರು ‘ಮೆ ಗುಸ್ತೊ ಲಾ ಪೆಲಿಕುಲಾ’ ಅನ್ನಬೇಕು. ‘ಮೆ ಗುಸ್ತಾಬಾ’ ಅಂದರೆ ‘ಹಿಡಿಸುತ್ತಿತ್ತು’, ಅಂದರೆ ಆಮೇಲೆ ಏನೋ ಆಗಿ ಹಿಡಿಸಲಿಲ್ಲ ಎಂಬ ಧ್ವನಿ ಬಂದುಬಿಡುತ್ತದೆ. ಸ್ಪೇನ್‌ನ ಬಹುಭಾಗದಲ್ಲಿ ಅದೇ ದಿನದ ಸಂಗತಿಗೆ ‘ಮೆ ಆ ಗುಸ್ತಾದೊ’ ಎಂಬ ರೂಪ ಕೇಳುತ್ತೀರಿ, ಅರ್ಥ ಒಂದೇ. ‘ಗುಸ್ತೊ’ದಲ್ಲಿ ಒತ್ತು ‘ತೊ’ ಮೇಲೆ ಬೀಳಲಿ, ಬರೆಯುವಾಗ ಆ ಸ್ವರದ ಮೇಲೆ ಓರೆಗೆರೆ ಹಾಕಿ. ಗೆರೆ ಮರೆತು ‘ಮೆ ಗುಸ್ತೊ’ ಎಂದು ಬರೆದರೆ ‘ನನಗೆ ನಾನೇ ಹಿಡಿಸುತ್ತೇನೆ’ ಎಂದಾಗುತ್ತದೆ.

ಆಸೆ ಹೇಳಲು ‘ಮೆ ಗುಸ್ತಾರಿಯಾ’. ‘ಮೆ ಗುಸ್ತಾರಿಯಾ ಬಿಸಿತಾರ್ ಮಾದ್ರಿದ್’ ಅಂದರೆ ಮ್ಯಾಡ್ರಿಡ್ ನೋಡುವ ಆಸೆ. ಇಲ್ಲಿ ‘ಮೆ ಗುಸ್ತಾ’ ಹಾಕಿದರೆ ಆಗಾಗ ಮ್ಯಾಡ್ರಿಡ್‌ಗೆ ಹೋಗಿಬರುವವರ ಮಾತಾಗುತ್ತದೆ. ಯಾರಿಗಾದರೂ ಉಡುಗೊರೆ ಕೊಡುವಾಗ ‘ನಿನಗೆ ಹಿಡಿಸಲಿ’ ಅನ್ನುವ ಭಾವಕ್ಕೆ ‘ಎಸ್ಪೆರೊ ಕೆ ತೆ ಗುಸ್ತೆ’. ಇದನ್ನು ವ್ಯಾಕರಣ ಕೇಳದೆ ಹಾಗೇ ಬಾಯಿಪಾಠ ಮಾಡಿಕೊಳ್ಳಿ, ಮೊದಲ ವರ್ಷದಲ್ಲೇ ಬೇಕಾಗುತ್ತದೆ.

7. ಮನುಷ್ಯರ ವಿಷಯದಲ್ಲಿ ಎಚ್ಚರ

ವ್ಯಕ್ತಿಯ ಬಗ್ಗೆ ‘ಮೆ ಗುಸ್ತಾ’ ಅಂದರೆ ಸಾಮಾನ್ಯವಾಗಿ ಪ್ರಣಯದ ಅರ್ಥ. ‘ಮೆ ಗುಸ್ತಾಸ್’ ಎಂದು ನೇರವಾಗಿ ಹೇಳಿದರೆ ‘ನಿನ್ನ ಮೇಲೆ ನನಗೆ ಮನಸ್ಸಾಗಿದೆ’ ಎಂದ ಹಾಗೆ. ಕನ್ನಡದಲ್ಲಿ ‘ನನಗೆ ನಮ್ಮ ಮೇಡಂ ಅಂದರೆ ತುಂಬಾ ಇಷ್ಟ’ ಎಂದು ನಿರಾತಂಕವಾಗಿ ಹೇಳುತ್ತೇವೆ. ಅದೇ ಮಾತನ್ನು ಸ್ಪ್ಯಾನಿಷ್‌ಗೆ ತಿರುಗಿಸಿ ತರಗತಿಯಲ್ಲಿ ಹೇಳಿದರೆ ಮುಜುಗರ ತಪ್ಪಿದ್ದಲ್ಲ. ಸ್ನೇಹಿತರು, ಸಹೋದ್ಯೋಗಿಗಳು, ಶಿಕ್ಷಕರು ಒಳ್ಳೆಯವರು, ಹಿಡಿಸುತ್ತಾರೆ ಅನ್ನಲು ‘ಮೆ ಕಾಯೆ ಬಿಯೆನ್’ ಎಂಬ ಮಾತಿದೆ. ಹಲವರಾದರೆ ‘ಮೆ ಕಾಯೆನ್ ಬಿಯೆನ್’. ಲೇಖಕರು, ಗಾಯಕರ ಬಗ್ಗೆ ‘ಮೆ ಗುಸ್ತಾ ಸೆರ್ಬಾಂತೆಸ್’ ಅಂದರೆ ತೊಂದರೆಯಿಲ್ಲ, ಅಲ್ಲಿ ಅವರ ಕೃತಿ ಹಿಡಿಸುತ್ತದೆ ಎಂದೇ ಎಲ್ಲರೂ ತಿಳಿಯುತ್ತಾರೆ.

ಇನ್ನೊಂದು: ‘ನನಗೆ ಅವಳನ್ನು ಕಂಡರೆ ಇಷ್ಟ’ ಎಂಬ ನಮ್ಮ ವಾಕ್ಯದ ‘ಅನ್ನು’ವನ್ನಾಗಲೀ ‘ಕಂಡರೆ’ಯನ್ನಾಗಲೀ ಕೊಂಡೊಯ್ಯಬೇಡಿ. ‘ಮೆ ಗುಸ್ತಾ ಮಾರಿಯಾ’ ಅಂದರೆ ನನಗೆ ಮಾರಿಯಾ ಹಿಡಿಸುತ್ತಾಳೆ. ‘ಲೆ ಗುಸ್ತೊ ಆ ಮಾರಿಯಾ’ ಅಂದರೆ ಮಾರಿಯಾಗೆ ನಾನು ಹಿಡಿಸಿದ್ದೇನೆ (ಇಲ್ಲಿ ಒತ್ತು ‘ಗುಸ್’ ಮೇಲೆ). ಯಾರ ಹೆಸರಿನ ಮುಂದೆ ‘ಆ’ ಇದೆಯೋ ಅವರೇ ಮನಸೋತವರು.

ಮೆಕ್ಸಿಕೋದಲ್ಲಿ ಊಟಕ್ಕೆ ಕೂತವರು ಪಕ್ಕದಲ್ಲಿ ಹಾದುಹೋಗುವವರಿಗೆ ‘ಗುಸ್ತಾ?’ ಅನ್ನುವುದುಂಟು. ‘ಲೆ’ ಇಲ್ಲದ, ಮನುಷ್ಯನೇ ಕರ್ತೃವಾದ ಹಳೆಯ ಬಳಕೆ ಅದು, ನಮ್ಮ ‘ಬನ್ನಿ, ಊಟ ಮಾಡಿ’ಯ ಹಾಗೆ. ‘ಗ್ರಾಸಿಯಾಸ್, ಪ್ರೊಬೆಚೊ’ (ಧನ್ಯವಾದ, ಊಟ ಚೆನ್ನಾಗಿ ಆಗಲಿ) ಎಂದು ಮುಂದೆ ಹೋಗುವುದು ಅಲ್ಲಿನ ಮರ್ಯಾದೆ.

8. ಇದೇ ಅಚ್ಚಿನ ಬಂಧುಗಳು, ಮತ್ತು ಬಂಧುಗಳಲ್ಲದವರು

‘ಗುಸ್ತಾರ್’ ಒಂದು ಕೈವಶವಾದರೆ ಇಡೀ ಗುಂಪೇ ಸಿಗುತ್ತದೆ. ಕನ್ನಡದ ‘ನನಗೆ’ ಇಲ್ಲೆಲ್ಲ ನೇರವಾಗಿ ಹೊಂದುತ್ತದೆ:

ಮೆ ದುವೆಲೆ ಲಾ ಕಾಬೆಸಾ – ನನಗೆ ತಲೆ ನೋಯುತ್ತಿದೆ. (‘ನನ್ನ ತಲೆ’ ಅನ್ನಬೇಡಿ, ‘ಮೆ’ ಇದ್ದ ಮೇಲೆ ಯಾರ ತಲೆ ಎಂಬುದು ಗೊತ್ತು.)
ಮೆ ಪಾರೆಸೆ ಬಿಯೆನ್ – ನನಗೆ ಸರಿ ಅನ್ನಿಸುತ್ತದೆ.
ಮೆ ಫಾಲ್ತಾನ್ ದಿಯೆಸ್ ಪೆಸೊಸ್ – ನನಗೆ ಹತ್ತು ಪೆಸೊ ಕಡಿಮೆ ಬಿದ್ದಿದೆ.
ಮೆ ಕೆದಾನ್ ದೊಸ್ ದಿಯಾಸ್ – ನನಗೆ ಎರಡು ದಿನ ಉಳಿದಿವೆ.
ಸೆ ಮೆ ಒಲ್ಬಿದೊ ಲಾ ಯಾಬೆ – ನನಗೆ ಬೀಗದ ಕೈ ಮರೆತುಹೋಯಿತು.

ಕೊನೆಯದನ್ನು ನೋಡಿ. ‘ನಾನು ಮರೆತೆ’ ಎಂದು ತಪ್ಪು ಹೊತ್ತುಕೊಳ್ಳದೆ ‘ನನಗೆ ಮರೆತುಹೋಯಿತು’ ಅನ್ನುವ ಸೌಕರ್ಯ ಎರಡು ಭಾಷೆಗಳಲ್ಲೂ ಇದೆ. ಬೀಗದ ಕೈ ಹಲವಾದರೆ ‘ಒಲ್ಬಿದಾರೊನ್ ಲಾಸ್ ಯಾಬೆಸ್’, ಮತ್ತೆ ಅದೇ ಮೂರನೇ ಹಂತದ ನಿಯಮ.

ಆದರೆ ಕನ್ನಡದ ‘ನನಗೆ’ ಸ್ಪ್ಯಾನಿಷ್‌ನ ‘ಮೆ’ಗಿಂತ ಬಹಳ ದೂರ ಹರಡಿದೆ. ರುಚಿ ಹತ್ತಿದವರು ಕಂಡಕಂಡಲ್ಲಿ ‘ಮೆ’ ಹಚ್ಚುತ್ತಾರೆ. ಈ ಕೆಳಗಿನವುಗಳಲ್ಲಿ ‘ಮೆ’ ಇಲ್ಲ:

ನನಗೆ ಹಸಿವಾಗಿದೆ – ತೆಂಗೊ ಆಂಬ್ರೆ.
ನನಗೆ ಚಳಿ – ತೆಂಗೊ ಫ್ರಿಯೊ.
ನನಗೆ ಜ್ವರ – ತೆಂಗೊ ಫಿಯೆಬ್ರೆ.
ನನಗೆ ಇಪ್ಪತ್ತು ವರ್ಷ – ತೆಂಗೊ ಬೆಯಿಂತೆ ಆನ್ಯೊಸ್.
ನನಗೆ ಇಬ್ಬರು ಮಕ್ಕಳು – ತೆಂಗೊ ದೊಸ್ ಇಹೊಸ್.
ನನಗೆ ನೀರು ಬೇಕು – ಕಿಯೆರೊ ಆಗ್ವಾ.
ನನಗೆ ಗೊತ್ತು – ಲೊ ಸೆ.
ನನಗೆ ಅರ್ಥವಾಗುತ್ತದೆ – ಎಂತಿಯೆಂದೊ.
ನನಗೆ ಸ್ಪ್ಯಾನಿಷ್ ಬರುತ್ತದೆ – ಆಬ್ಲೊ ಎಸ್ಪಾನ್ಯೊಲ್.
ನನಗೆ ಕೇಳಿಸುತ್ತಿಲ್ಲ – ನೊ ಓಯ್ಗೊ.

ಮೊದಲ ಐದರಲ್ಲಿ ‘ತೆಂಗೊ’, ಅಂದರೆ ‘ನನ್ನ ಹತ್ತಿರ ಇದೆ’. ಹಸಿವು, ಚಳಿ, ವಯಸ್ಸು, ಮಕ್ಕಳು, ಎಲ್ಲವೂ ಸ್ಪ್ಯಾನಿಷ್‌ನಲ್ಲಿ ಹೊಂದಿರುವ ವಸ್ತುಗಳು. ಉಳಿದವುಗಳಲ್ಲಿ ಕೆಲಸ ಮಾಡುವವನು ನಾನೇ. ಇವಕ್ಕೆ ಸೂತ್ರವಿಲ್ಲ, ಈ ಹತ್ತನ್ನು ಒಂದು ಪುಟದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಪರೀಕ್ಷಿಸಿಕೊಳ್ಳಿ

ಎಡಗಡೆಯದನ್ನು ಮಾತ್ರ ಓದಿ, ಸ್ಪ್ಯಾನಿಷ್ ಅನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಮುಂದಿನದು ನೋಡಿ.

ಸುಮಾಗೆ ಪುಸ್ತಕ ಅಂದರೆ ಇಷ್ಟ – ಆ ಸುಮಾ ಲೆ ಗುಸ್ತಾನ್ ಲೊಸ್ ಲಿಬ್ರೊಸ್. ಪುಸ್ತಕ ಎಣಿಸುವ ವಸ್ತು, ಆದ್ದರಿಂದ ಬಹುವಚನ. ಸುಮಾ ಒಬ್ಬಳೇ, ಆದ್ದರಿಂದ ‘ಲೆ’.

ಮೇಷ್ಟ್ರಿಗೆ ಈ ಪುಸ್ತಕ ಹಿಡಿಸಲಿಲ್ಲ – ಅಲ್ ಪ್ರೊಫೆಸೊರ್ ನೊ ಲೆ ಗುಸ್ತೊ ಎಸ್ತೆ ಲಿಬ್ರೊ. ‘ಲೆಸ್’ ಅಂದಿದ್ದರೆ ಎರಡನೇ ಹಂತಕ್ಕೆ ಹಿಂತಿರುಗಿ.

ಚಿಕ್ಕಂದಿನಲ್ಲಿ ನನಗೆ ಹಾಲು ಸೇರುತ್ತಿರಲಿಲ್ಲ – ದೆ ನಿನ್ಯೊ ನೊ ಮೆ ಗುಸ್ತಾಬಾ ಲಾ ಲೆಚೆ. ಹೇಳುವವರು ಹೆಂಗಸಾದರೆ ‘ದೆ ನಿನ್ಯಾ’.

(ಹೊಸದಾಗಿ ಪರಿಚಯವಾದ ಹಿರಿಯರೊಬ್ಬರಿಗೆ) ನಿಮಗೆ ದೋಸೆ ಹಿಡಿಸಿತಾ? – ಲೆ ಗುಸ್ತೊ ಲಾ ದೋಸಾ?

ನನಗೆ ಪಾದ ನೋಯುತ್ತಿದೆ (ಎರಡೂ) – ಮೆ ದುವೆಲೆನ್ ಲೊಸ್ ಪಿಯೆಸ್. ಕನ್ನಡದಲ್ಲಿ ಏಕವಚನ, ಸ್ಪ್ಯಾನಿಷ್‌ನಲ್ಲಿ ಎರಡು ಪಾದ ಎರಡೇ.

ಈ ಹಾಡು ನನಗೂ ತುಂಬಾ ಹಿಡಿಸುತ್ತದೆ – ಆ ಮಿ ತಾಂಬಿಯೆನ್ ಮೆ ಗುಸ್ತಾ ಮುಚೊ ಎಸ್ತಾ ಕಾನ್ಸಿಯೊನ್. ‘ಆ ಮಿ’ ಹೇಳಿದ ಮೇಲೂ ‘ಮೆ’ ಉಳಿದಿದೆಯೇ, ‘ಮುಯ್’ ಬರಲಿಲ್ಲವೇ ನೋಡಿಕೊಳ್ಳಿ. ಈ ಒಂದು ವಾಕ್ಯ ತಡವರಿಸದೆ ಬಂದರೆ ನೀವು ‘ಎಂಕಾಂತಾರ್’ (‘ಎಂಕಾಂತಾ’ದ ಮೂಲರೂಪ), ‘ದೊಲೆರ್’ (‘ದುವೆಲೆ’ಯ ಮೂಲರೂಪ, ನೋಯು) ಇವುಗಳಿಗೆ ಧೈರ್ಯವಾಗಿ ಕೈಹಾಕಬಹುದು.